ತೆಂಗಿನ ನಾಡಿನಲ್ಲಿ ಎರಡು ದಿನ

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ರೈಲಿನಲ್ಲಿ ಹೋಗುವವರು ಗುಬ್ಬಿಯನ್ನು ದಾಟಿದ ಮೇಲೆ ಕಿಟಕಿಯ ಹೊರಗೆ ಕಣ್ಣು ಹಾಯಿಸಿದರೆ, ನಾಡಿನ ಬಣ್ಣವೇ ಬದಲಾಗುವುದನ್ನು ಕಾಣಬಹುದು. ರಾಗಿಯ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ನಿಂತಿದ್ದ ತೆಂಗಿನ ಮರಗಳು ನಿಟ್ಟೂರು, ಸಂಪಿಗೆ ರಸ್ತೆ, ಬಾಣಸಂದ್ರಗಳು ಕಳೆಯುವ ಹೊತ್ತಿಗೆ ಸಾಲುಗೂಡುತ್ತವೆ. ಕರಡಿಯ ನಿಲ್ದಾಣ ಬರುವ ವೇಳೆಗೆ ತೋಪಿಗೆ ತೋಪು ಸೇರಿ ಮನೆಗಳು ಅವುಗಳ ನೆರಳಿನಲ್ಲಿ ಅಡಗಿಬಿಡುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಸೀಮೆಯನ್ನು ಜನರು ಕಲ್ಪತರು ನಾಡು ಎಂದು ಕರೆಯುವುದು ಬರಿಯ ಅಭಿಮಾನದ ಮಾತಲ್ಲ. ಇಲ್ಲಿ ಮದುವೆ, ಮಕ್ಕಳ ವಿದ್ಯಾಭ್ಯಾಸ, ಮನೆಯ ಸಾಲ, ದೇವರ ಹರಕೆ ಎಲ್ಲವೂ ತೆಂಗಿನ ಮರದ ತಲೆಯ ಮೇಲೆಯೇ ನಿಂತಿವೆ.

ನನ್ನ ಅಕ್ಕನನ್ನು ಕೊಟ್ಟಿರುವುದು ತಿಪಟೂರಿಗೆ ಪಶ್ಚಿಮದ ಒಂದು ಹಳ್ಳಿಗೆ. ಆ ಹಳ್ಳಿಯ ಕೆರೆಯ ಏರಿಯ ಮೇಲೆ ನಿಂತರೆ ಅರಸೀಕೆರೆ ತಾಲ್ಲೂಕಿನ ತೋಟಗಳು ಕಾಣುತ್ತವೆ. ಈಚೆಗೆ ಎರಡು ದಿನದ ಬಿಡುವು ದೊರೆತುದರಿಂದ ಅಲ್ಲಿಗೆ ಹೋಗಿದ್ದೆನು. ಹೋದ ಸಂಜೆಯೇ ಭಾವನವರು ನನ್ನನ್ನು ಅಟ್ಟಕ್ಕೆ ಹತ್ತಿಸಿದರು. ಈ ಸೀಮೆಯ ಮನೆಗೆ ಅಟ್ಟವೆಂದರೆ ಪೇಟೆಯ ಸಾಹುಕಾರನಿಗೆ ತಿಜೋರಿ ಇದ್ದಂತೆ. ಮರದಿಂದ ಇಳಿಸಿದ ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಲ್ಲಿ ರಾಶಿ ಹಾಕಿ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲಗೆ ಆರುತ್ತದೆ. ತಿರುಳು ಗಟ್ಟಿಯಾಗಿ, ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ಸುಲಿಯುವವರು ಬರಬೇಕು, ಚಿಪ್ಪು ಒಡೆಯುವ ಹೆಂಗಸರು ಬರಬೇಕು, ಚೀಲ ತುಂಬಬೇಕು, ತಿಪಟೂರಿನ ಮಾರುಕಟ್ಟೆಯ ಹರಾಜಿಗೆ ಸಾಗಿಸಬೇಕು. ಅಲ್ಲಿಂದ ಅದು ದೆಹಲಿಗೂ ರಾಜಸ್ಥಾನಕ್ಕೂ ಗುಜರಾತಿಗೂ ಹೋಗಿ ಉತ್ತರದವರ ಹಬ್ಬಕ್ಕೂ ಮದುವೆಗೂ ಒದಗುತ್ತದೆ.

ಭಾವನವರು ರಾಶಿಯಿಂದ ಒಂದು ಕಾಯಿಯನ್ನು ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ನೀರಿನ ಸದ್ದು ಕೇಳಿಸಿತು. “ಇದಕ್ಕಿನ್ನೂ ಕಾಲವಿದೆ” ಎಂದು ಹೇಳಿ ಅದನ್ನು ಇಟ್ಟು, ಮತ್ತೊಂದನ್ನು ತೆಗೆದರು. ಅದರೊಳಗೆ ಗಟ್ಟಿಯಾದುದೊಂದು ಉರುಳಿದಂತೆ ಗೊಡಗೊಡ ಎಂದಿತು. “ಇದು ಆಯಿತು. ನಮಗೆ ಕಾಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲಪ್ಪ. ವರ್ಷಪೂರ್ತಿ ಕಾಯುತ್ತೇವೆ. ಆದರೆ ಯಾವಾಗ ಮುಗಿಯಿತು ಎಂದು ಕಿವಿಗೆ ಕೇಳಿಸಬೇಕು. ಆ ಕೊರೋನಾ ಕಾಲದಲ್ಲಿ ಅದೇ ಇರಲಿಲ್ಲ ನೋಡು” ಎಂದರು.

ವಾಚಕರಿಗೆ ಆ ಕಾಲ ಮರೆತಿರಲಾರದು. 2020ರ ಮಾರ್ಚ್ 24ರ ರಾತ್ರಿ ದೇಶವನ್ನೆಲ್ಲ 21 ದಿನ ಮುಚ್ಚಬೇಕೆಂದು ಘೋಷಣೆಯಾಯಿತು. ಜನರು ಒಪ್ಪಿದರು. ಹಳ್ಳಿಯವರು ತಾವಾಗಿಯೇ ಊರಿನ ದಾರಿಗೆ ಮುಳ್ಳು ಹಾಕಿದರು. ಏಪ್ರಿಲ್ 14 ಎಂದದ್ದು ಮೇ 3 ಆಯಿತು, ಮೇ 3 ಎಂದದ್ದು 17 ಆಯಿತು, 17 ಎಂದದ್ದು 31 ಆಯಿತು. ಮುಚ್ಚುವುದಕ್ಕೆ ಒಂದು ರಾತ್ರಿ ಸಾಕಾಯಿತು. ತೆರೆಯುವುದರಲ್ಲಿ ಬಂದಿತು ತೊಡಕು.

ಅಕ್ಕನ ಮನೆಯ ಅಟ್ಟದಲ್ಲಿ ಆಗ ಕೊಬ್ಬರಿ ಸಿದ್ಧವಾಗಿದ್ದಿತು. ಅದನ್ನು ಮಾರಿ ಬಂದ ಹಣದಿಂದ ಮಗಳ ಮದುವೆ. ವರ ಅರಸೀಕೆರೆಯ ಕಡೆಯವನು. ಲಗ್ನ ಮೇ 24, ಭಾನುವಾರ. ಆದರೆ ಉತ್ತರದ ಪೇಟೆಗಳು ಬಾಗಿಲು ಹಾಕಿಕೊಂಡಿರುವಾಗ ತಿಪಟೂರಿನಲ್ಲಿ ಕೊಳ್ಳುವವರು ಯಾರು? ಆ ವರ್ಷ ಕೇಂದ್ರ ಸರ್ಕಾರದವರು ಉಂಡೆ ಕೊಬ್ಬರಿಗೆ ಗೊತ್ತು ಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 10,300 ರೂಪಾಯಿ. ಬೆಲೆ ಕಾಗದದ ಮೇಲಿದ್ದರೆ ಸಾಲದು, ತಕ್ಕಡಿಯ ಆಚೆ ಬದಿಯಲ್ಲಿ ಕೊಳ್ಳುವವನೊಬ್ಬ ನಿಂತಿರಬೇಕು. ಕೊಬ್ಬರಿ ಅಟ್ಟದಲ್ಲಿಯೇ ಉಳಿಯಿತು. ಚಿಪ್ಪು ಒಡೆದು ದಿನಗೂಲಿ ಪಡೆಯುತ್ತಿದ್ದ ಹೆಂಗಸರು ಮನೆಯಲ್ಲಿ ಕುಳಿತರು. ಭಾವನವರು ಸಾಲ ಮಾಡಿದರು.

ಮರುದಿನ ಬೆಳಗ್ಗೆ ಇಬ್ಬರೂ ಮೋಟಾರಿನಲ್ಲಿ ಹೊರಟು ಮೊದಲು ಜಿಲ್ಲೆಯ ಎಲ್ಲೆಗೆ ಹೋದೆವು. ತುಮಕೂರು ಜಿಲ್ಲೆ ಮುಗಿದು ಹಾಸನ ಜಿಲ್ಲೆ ಮೊದಲಾಗುವ ಜಾಗ ಅದು. ಹೆಸರು ಬರೆದ ಹಲಗೆಯೊಂದನ್ನು ಬಿಟ್ಟರೆ ಎಲ್ಲೆ ಇದೆಯೆಂಬುದಕ್ಕೆ ಬೇರೆ ಗುರುತಿಲ್ಲ. ಈ ಕಡೆಯ ಮರದ ಗರಿ ಆ ಕಡೆಯ ತೋಟಕ್ಕೆ ಬೀಳುತ್ತದೆ. 2020ರ ಮೇ ತಿಂಗಳ ಮೊದಲಲ್ಲಿ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ಮೂರು ಬಣ್ಣಗಳಾಗಿ ವಿಂಗಡಿಸಿದರು. ತುಮಕೂರು ಕಿತ್ತಳೆಯಾಯಿತು, ಹಾಸನ ಹಸಿರಾಯಿತು. ಆಗ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗಲು ಕೊಡುತ್ತಿದ್ದ ಪಾಸು ಒಂದೇ ಬಾರಿಗೆ, ಒಂದೇ ದಿಕ್ಕಿಗೆ. ಎಲ್ಲೋ ಸಿಕ್ಕಿಕೊಂಡವರು ತಮ್ಮ ಊರಿಗೆ ಸೇರಲೆಂದು ಮಾಡಿದ ಏರ್ಪಾಡು ಅದು, ಒಳ್ಳೆಯದೇ. ಆದರೆ ಬೆಳಗ್ಗೆ ಬೀಗರ ಮನೆಗೆ ಹೋಗಿ ಲಗ್ನದ ಮಾತು ಮುಗಿಸಿ ಸಂಜೆಗೆ ಹಿಂತಿರುಗಬೇಕಾದವನಿಗೆ ಅದರಲ್ಲಿ ಸ್ಥಳವಿರಲಿಲ್ಲ. “ಹೋಗುವುದಕ್ಕೆ ಪಾಸು, ಬರುವುದಕ್ಕೆ ಇಲ್ಲ! ಮಗಳ ಜೊತೆಗೆ ನನ್ನನ್ನೂ ಅಲ್ಲಿಗೇ ಕೊಡಬೇಕಾಗಿತ್ತು” ಎಂದು ಭಾವನವರು ನಕ್ಕರು. ಆ ದಿನಗಳಲ್ಲಿ ಅವರು ನಕ್ಕಿರಲಿಲ್ಲವೆಂದು ಅಕ್ಕ ಹೇಳಿದ್ದಳು.

ಮುಂದಿನ ವರ್ಷ ಬಣ್ಣ ತಿರುಗಿತು. 2021ರ ಎರಡನೆಯ ಅಲೆಯ ನಂತರ ಜೂನ್ 14ರಿಂದ ತುಮಕೂರು ಜಿಲ್ಲೆಯಲ್ಲಿ ನಿರ್ಬಂಧ ಸಡಿಲವಾಯಿತು. ಹಾಸನವೂ ಸೇರಿ 11 ಜಿಲ್ಲೆಗಳಲ್ಲಿ ಬಿಗಿ ಹಾಗೆಯೇ ಉಳಿಯಿತು. ರೋಗವಿರುವ ಕಡೆ ಬಿಗಿ, ಇಲ್ಲದ ಕಡೆ ಸಡಿಲ ಎಂಬ ತತ್ತ್ವದಲ್ಲಿ ತಪ್ಪಿಲ್ಲ. ಆದರೆ ರೋಗಕ್ಕೆ ಜಿಲ್ಲೆಯ ಎಲ್ಲೆ ತಿಳಿಯದು, ತೆಂಗಿನ ತೋಟಕ್ಕೂ ತಿಳಿಯದು.

ಮದುವೆಯ ಕಥೆಯನ್ನು ಮುಗಿಸಿಬಿಡುತ್ತೇನೆ. ಲಗ್ನಕ್ಕೆ ಆರು ದಿನವಿರುವಾಗ, ಮೇ 18ರಂದು, ಮರುದಿನದಿಂದ ಬಸ್ಸುಗಳು ಓಡುತ್ತವೆ, ಒಂದೊಂದರಲ್ಲಿ 30 ಜನ, ಆದರೆ ಭಾನುವಾರಗಳಂದು ನಾಡೆಲ್ಲ ಪೂರ್ಣ ಬಂದ್ ಎಂದು ಅಪ್ಪಣೆ ಹೊರಟಿತು. ಅಕ್ಕನ ಮನೆಯವರು ಪುರೋಹಿತರ ಕಾಲಿಗೆ ಬಿದ್ದು ಮುಹೂರ್ತವನ್ನು ಸೋಮವಾರಕ್ಕೆ ತಳ್ಳಿದರು. ಕರೆಯಬಹುದಾಗಿದ್ದ 50 ಜನರಿಗೂ ಮತ್ತೆ ಹೇಳಿ ಕಳುಹಿಸಿದರು. ಅಡಿಗೆಯವನು ಸೋಮವಾರ ಬೇರೆ ಕಡೆ ಒಪ್ಪಿಕೊಂಡಿದ್ದುದರಿಂದ ಬೇರೊಬ್ಬನನ್ನು ಹುಡುಕಿದರು. ಇಷ್ಟೆಲ್ಲ ಆದ ಮೇಲೆ, ಮೊದಲೇ ಗೊತ್ತಾಗಿದ್ದ ಮದುವೆಗಳನ್ನು ಭಾನುವಾರವೂ ನಡೆಸಬಹುದು ಎಂಬ ವರ್ತಮಾನ ಬಂದಿತು. ಅದರ ಮುಂದಿನ ಭಾನುವಾರದ ಬಂದ್ ಅನ್ನು ಹಿಂದಿನ ದಿನವೇ ಕೈಬಿಟ್ಟರು. ಮದುವೆ ನಡೆಯಿತು, ಮಗಳು ಸುಖವಾಗಿದ್ದಾಳೆ, ಅವಳ ಮಗು ಈಗ ಅಂಗನವಾಡಿಗೆ ಹೋಗುತ್ತಿದೆ. ಆದರೂ ಅಕ್ಕನಿಗೆ ಆ ಭಾನುವಾರದ ನೋವು ಹೋಗಿಲ್ಲ. “ಇಟ್ಟ ಲಗ್ನ ತಪ್ಪಿತಲ್ಲೋ. ರೋಗ ತಪ್ಪಿಸಿದ್ದಾಗಿದ್ದರೆ ಸುಮ್ಮನಿರುತ್ತಿದ್ದೆ” ಎನ್ನುತ್ತಾಳೆ.

ಎಲ್ಲೆಯಿಂದ ಹಿಂತಿರುಗಿ, ತಿಪಟೂರನ್ನು ದಾಟಿ, ಪೂರ್ವದ ಕಿಬ್ಬನಹಳ್ಳಿ ಕ್ರಾಸಿಗೆ ಬಂದೆವು. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ಇಲ್ಲಿ ಇನ್ನೊಂದು ಹೆದ್ದಾರಿ ಅಡ್ಡಹಾಯುತ್ತದೆ. ಉತ್ತರಕ್ಕೆ ಹೋದರೆ ಚಿಕ್ಕನಾಯಕನಹಳ್ಳಿ, ದಕ್ಷಿಣಕ್ಕೆ ಹೋದರೆ ತುರುವೇಕೆರೆ. ಮೂರು ತಾಲ್ಲೂಕುಗಳ ಸುದ್ದಿಯೂ ಸೇರುವ ಜಾಗ. ಕಾಫಿ ಕುಡಿಯಲು ಕುಳಿತೆವು. ಮಾತು ತೆಗೆದದ್ದೇ ತಡ, ಒಬ್ಬೊಬ್ಬರದು ಒಂದೊಂದು ದೂರು.

ಹೋಟೆಲಿನ ಯಜಮಾನರು 2020ರ ಮೇ 4ರಂದು ಮದ್ಯದಂಗಡಿಗಳು ತೆರೆದ ದಿನವನ್ನು ನೆನೆದರು. ಅವರ ಹೋಟೆಲಿನಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿಯಲು ಅಪ್ಪಣೆ ದೊರೆತುದು ಜೂನ್ 8ಕ್ಕೆ. ದೇವಸ್ಥಾನಗಳ ಬಾಗಿಲು ತೆರೆದುದೂ ಅಂದೇ. ಸೊಪ್ಪು ಮಾರುವ ಮುದುಕಿಯೊಬ್ಬಳು, “ನಮ್ಮಮ್ಮನ ಗುಡಿಗೆ ಬೀಗ, ಹೆಂಡದಂಗಡಿಗೆ ಸಾಲು. ಮನೆಯಲ್ಲಿದ್ದ ನಾಕು ಕಾಸೂ ಆವತ್ತೇ ಹೋಯ್ತು ಸ್ವಾಮಿ” ಎಂದಳು. ಬೊಕ್ಕಸದ ಲೆಕ್ಕ ಅವಳಿಗೆ ತಿಳಿಯದೆಂದು ಹೇಳುವ ಹಾಗಿಲ್ಲ. ಅದು ತಿಳಿದುದರಿಂದಲೇ ಅವಳಿಗೆ ಸಿಟ್ಟು.

ಇನ್ನೊಬ್ಬರು 2021ರ ಮೇ 10ನ್ನು ನೆನೆದರು. ದಿನಸಿಗೆ ಬೆಳಗ್ಗೆ 6ರಿಂದ 10ರವರೆಗೆ ಸಮಯ. ಆದರೆ ವಾಹನ ಕೂಡದು, ನಡೆದೇ ಹೋಗಬೇಕೆಂದು ನಿಯಮ. ಬೆಂಗಳೂರಿನ ಬೀದಿಯಲ್ಲಿ ಅದು ನಡೆಯಬಹುದು. ತೋಟದ ಮನೆಯವನಿಗೆ ಅಂಗಡಿ ಒಂದು ಹರದಾರಿ ದೂರ. ಲಾಠಿಯ ಏಟಿನ ಚಿತ್ರಗಳು ನಾಡೆಲ್ಲ ಹರಡಿ ಕೂಗೆದ್ದ ಮೇಲೆ, ಹತ್ತಿರದ ಅಂಗಡಿಗೆ ವಾಹನದಲ್ಲಿ ಹೋಗಬಹುದೆಂದರು. ಮೂಲೆಯಲ್ಲಿ ಕುಳಿತಿದ್ದ ತರುಣ, ಆಡಿಯೂ ಆಚರಣೆಗೆ ಬಾರದ ಅಪ್ಪಣೆಯೊಂದನ್ನು ಹೇಳಿದ. 2020ರ ಡಿಸೆಂಬರ್ 23ರಂದು, ಆ ರಾತ್ರಿಯಿಂದಲೇ 10ರಿಂದ 6ರವರೆಗೆ ಕರ್ಫ್ಯೂ ಎಂದರು. ಅಂದೇ ಅದನ್ನು ಮರುದಿನಕ್ಕೆ, 11ರಿಂದ 5ಕ್ಕೆ ಬದಲಾಯಿಸಿದರು. ಮರುದಿನ ಜಾರಿಗೆ ಬರುವ ಮೊದಲೇ ಹಿಂತೆಗೆದುಕೊಂಡರು. 2022ರ ಜನವರಿಯ ವಾರಾಂತ್ಯದ ಕರ್ಫ್ಯೂ ಕೂಡ, ವ್ಯಾಪಾರಿಗಳೂ ಹೋಟೆಲಿನವರೂ ಬೇಡವೆಂದು ಕೂಗಿದ ಮೇಲೆ 21ರಂದು ರದ್ದಾಯಿತು. “ಕೂಗಿದರೆ ತೆಗೆಯುವುದಾದರೆ ಹಾಕಿದ್ದು ಯಾಕೆ? ಹಾಕುವುದು ಬೇಕಾಗಿದ್ದರೆ ಕೂಗಿದ ಮಾತ್ರಕ್ಕೆ ತೆಗೆದದ್ದು ಯಾಕೆ?” ಎಂದು ಅವನ ಪ್ರಶ್ನೆ. ನನಗೆ ಉತ್ತರ ತೋಚಲಿಲ್ಲ.

ಕ್ರಾಸಿನಿಂದ ತುರುವೇಕೆರೆಗೆ ಹೋಗಿ ಗಂಗಾಧರೇಶ್ವರನ ಗುಡಿಯ ಕರಿಕಲ್ಲಿನ ನಂದಿಯನ್ನು ನೋಡಿದೆವು. ಅದರ ಮೈಯ ನುಣುಪು ಇಂದಿಗೂ ಮಾಸಿಲ್ಲ. ಅಲ್ಲಿಯ ತಂಪಿನಲ್ಲಿ ಕುಳಿತಾಗ ನನಗೆ ನಮ್ಮ ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಕಥೆ ನೆನಪಾಯಿತು. ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟುದು 1898ರಲ್ಲಿ. ಆಮೇಲೆ ಹಲವು ವರ್ಷ ಅದು ಬಂದು ಹೋಗುತ್ತಿದ್ದಿತು. 2020ರಲ್ಲಿ ಸರ್ಕಾರದವರು ಕೈಗೆತ್ತಿಕೊಂಡ ಸಾಂಕ್ರಾಮಿಕ ರೋಗಗಳ ಕಾಯಿದೆಯೂ ಮುಂಬಯಿಯ ಪ್ಲೇಗಿನ ಕಾಲದ್ದೇ, 1897ರದು. ಮನೆಯಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದಿತಂತೆ. ಸೂರಿನ ಹೆಂಚು ತೆಗೆದು ಮನೆಯೊಳಗೆ ಬಿಸಿಲು ಬೀಳಿಸುತ್ತಿದ್ದರಂತೆ. ಸಾವು ನೋವು ವಿಪರೀತ. ಆದರೆ ಹೊರಡುವುದಕ್ಕೊಂದು ಗುರುತು, ಹಿಂತಿರುಗುವುದಕ್ಕೊಂದು ಗುರುತು ಎಲ್ಲರಿಗೂ ತಿಳಿದಿದ್ದಿತು. ಇಲಿ ಬೀಳುವುದು ನಿಂತು, ಹಿರಿಯರು ಸೇರಿ ದಿನವಿಟ್ಟ ಮೇಲೆ, ಎಲ್ಲರೂ ಒಟ್ಟಿಗೆ ಊರೊಳಗೆ ಬರುತ್ತಿದ್ದರು.

ಸರ್ಕಾರದವರನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ರೋಗ ಹೊಸದು, ಇಂದು ತಿಳಿದುದು ನಾಳೆ ತಪ್ಪೆನಿಸುತ್ತಿದ್ದ ಕಾಲ. ಆಶಾ ಕಾರ್ಯಕರ್ತೆಯರು ಮನೆಮನೆಯ ಬಾಗಿಲು ತಟ್ಟಿದುದನ್ನೂ, ಪೊಲೀಸಿನವರು ಬಿಸಿಲಿನಲ್ಲಿ ನಿಂತುದನ್ನೂ ಈ ಸೀಮೆಯವರು ಕೃತಜ್ಞತೆಯಿಂದಲೇ ನೆನೆಯುತ್ತಾರೆ. ಹೇಳಿದಂತೆ ನಡೆದ ಕೆಲಸವೂ ಇದೆ. 2020ರ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಜೂನ್ 25ರಿಂದ ನಡೆಸುವೆವೆಂದು ಒಂದು ತಿಂಗಳಿಗೂ ಮುಂಚೆ ಹೇಳಿದರು. ಬೇಡವೆಂದವರು ಬಹಳ ಜನ. ಆದರೂ ಹೇಳಿದ ದಿನವೇ, ಹೇಳಿದ ಕ್ರಮದಲ್ಲಿಯೇ ನಡೆಯಿತು. ತಾಯಿತಂದೆಗಳು ಅಂಜುತ್ತಲೇ ಮಕ್ಕಳನ್ನು ಕಳುಹಿಸಿದರು. ಮಾತು ನಿಂತ ಕಡೆ ಜನರೂ ನಿಲ್ಲುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಚಿಕ್ಕನಾಯಕನಹಳ್ಳಿಯ ದಾರಿಯನ್ನೂ ನೋಡಿಕೊಂಡು ಮನೆಗೆ ಬರುವಾಗ ಕತ್ತಲಾಗಿದ್ದಿತು. ಮರುದಿನ ತಿಪಟೂರಿನ ನಿಲ್ದಾಣದಲ್ಲಿ ಚೀಟಿ ಕೊಳ್ಳುವಾಗ ಇನ್ನೊಂದು ಸಂಗತಿ ನೆನಪಿಗೆ ಬಂದಿತು. ಪಿಡುಗಿನ ನಂತರ ಊರೂರಿಗೆ ನಿಲ್ಲುವ ಗಾಡಿಗಳು ವಿಶೇಷ ಗಾಡಿಗಳೆಂಬ ಹೆಸರು ಹೊತ್ತು ಬಂದುದರಿಂದ, 10 ರೂಪಾಯಿ ಇದ್ದ ಕನಿಷ್ಠ ದರ 30 ಆಗಿದ್ದಿತು. ಅದು ಮತ್ತೆ ಹಿಂದಿನಂತಾದುದು 2024ರ ಫೆಬ್ರವರಿಯಲ್ಲಿ. ನಿರ್ಬಂಧವೆಲ್ಲ ಕಳೆಯಿತೆಂದು ನಾವು ತಿಳಿದುಕೊಂಡ ಮೇಲೂ ಸಂತೆಗೆ ಹೋಗುವ ಬಡವನ ಜೇಬಿನಲ್ಲಿ ಅದು ಎರಡು ವರ್ಷ ಉಳಿದಿದ್ದಿತು.

ಹೊರಡುವಾಗ ಅಕ್ಕ ಚೀಲಕ್ಕೆ ನಾಲ್ಕು ಕೊಬ್ಬರಿ ಹಾಕಿ ಕೊಟ್ಟಿದ್ದಳು. ಸುಲಿದ, ಚಿಪ್ಪು ಬಿಡಿಸದ ಕಾಯಿಗಳು. ಗಾಡಿ ಕರಡಿಯನ್ನು ದಾಟಿ ಅಲುಗಾಡಿದಾಗಲೆಲ್ಲ ತಲೆಯ ಮೇಲಿನ ಹಲಗೆಯಿಂದ ಗೊಡಗೊಡ ಸದ್ದು ಕೇಳಿಸುತ್ತಿದ್ದಿತು. ಎದುರಿಗೆ ಕುಳಿತಿದ್ದ ಮುದುಕರೊಬ್ಬರು ತಲೆಯೆತ್ತಿ ನೋಡಿ, “ಚೆನ್ನಾಗಿ ಆಗಿದೆ, ಈಗ ಒಡೆಯಬಹುದು” ಎಂದರು.