ಅಂಗಳದಲ್ಲೊಂದು ವಾಟರ್ ಪಂಪು

ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಗಾಡಿಯನ್ನು ಮುಂದಕ್ಕೆ ಒಯ್ಯಲು ಸಲ್ಲುವುದು ಅಲ್ಪಾಂಶ. ಒಂದು ದೊಡ್ಡ ಪಾಲು ಹೊಗೆಯ ಕೊಳವೆಯ ದಾರಿ ಹಿಡಿಯುತ್ತದೆ. ಸುಮಾರು ಮೂರರಲ್ಲೊಂದು ಪಾಲನ್ನು ನೀರು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಈ ನೀರನ್ನು ಎಡೆಬಿಡದೆ ಸುತ್ತಿಸುವ ಅವಯವವೇ ವಾಟರ್ ಪಂಪು. ಶಾಸ್ತ್ರೀಯವಾಗಿ ಇದನ್ನು ‘ಜಲರೇಚಕ’ ಎನ್ನಬಹುದು. ಆದರೆ ಬಿಡಿಭಾಗದ ಅಂಗಡಿಯಲ್ಲಿ ಆ ಹೆಸರನ್ನು ಉಚ್ಚರಿಸಿದವನಿಗೆ ವಿರೇಚಕ ಬೇಕಾಗಿರಬಹುದೆಂದು ಬಗೆದು ಔಷಧಿಯಂಗಡಿಯ ದಾರಿಯನ್ನೇ ತೋರಿಸಿಯಾರು! ಇಲ್ಲಿ ಬಳಕೆಯ ಮಾತೇ ಮೇಲು.

ಪಂಪಿನ ರಚನೆ ಸರಳವಾದುದು. ಎರಕದ ಒಡಲು, ಅದರ ನಡುವೆ ಬೇರಿಂಗಿನ ಮೇಲೆ ತಿರುಗುವ ಒಂದು ದಂಡ, ದಂಡದ ಒಳತುದಿಯಲ್ಲಿ ನೀರನ್ನು ಚಿಮ್ಮುವ ದಳಚಕ್ರ, ಹೊರತುದಿಯಲ್ಲಿ ಬೆಲ್ಟಿನ ಪುಲ್ಲಿ. ನೀರು ಬೇರಿಂಗಿನತ್ತ ಸುಳಿಯದಂತೆ ತಡೆಯಲು ನಡುವೆ ಒಂದು ಸೀಲು. ಇಷ್ಟರ ಜೊತೆಗೆ ಒಡಲಿನ ತಳಭಾಗದಲ್ಲಿ ಒಂದು ಸಣ್ಣ ರಂಧ್ರವೂ ಉಂಟು. ಸೀಲು ಸವೆದ ದಿನ ಒಸರಿದ ನೀರು ಬೇರಿಂಗನ್ನು ಸೇರದೆ ಹೊರಗೆ ಹನಿಯಲೆಂದೇ ನಿರ್ಮಾತೃಗಳು ಅದನ್ನು ಕೊರೆದಿಟ್ಟಿದ್ದಾರೆ. ಅದು ಪಂಪಿನ ದೋಷವಲ್ಲ, ದೋಷವನ್ನು ಅರುಹುವ ನಾಲಗೆ. ಇದನ್ನರಿಯದ ಚತುರರು ಆ ರಂಧ್ರಕ್ಕೆ ಎಂ-ಸೀಲ್ ಮೆತ್ತಿ ಸೋರಿಕೆ ನಿಂತಿತೆಂದು ಹಿಗ್ಗುವುದುಂಟು. ನೀರು ಆಗ ಬೇರಿಂಗನ್ನು ತಿನ್ನುತ್ತದೆ, ದಂಡ ಅಲುಗಾಡತೊಡಗುತ್ತದೆ, ದಂಡಕ್ಕೆ ಫ್ಯಾನು ಬಿಗಿದಿರುವ ಗಾಡಿಗಳಲ್ಲಿ ಅದರ ರೆಕ್ಕೆ ಒಂದು ದಿನ ರೇಡಿಯೇಟರನ್ನೇ ಸೀಳುತ್ತದೆ. ಅಷ್ಟಾದ ಮೇಲೂ ಓಡಿಸಿದರೆ ಹೆಡ್ಡಿನ ಗ್ಯಾಸ್ಕೆಟ್ಟು ಸುಟ್ಟು, ನೀರು ಎಣ್ಣೆಗಿಳಿದು, ಎಂಜಿನ್ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣ ತಾಳುತ್ತದೆ. ನೂರರಲ್ಲಿ ಮುಗಿಯಬೇಕಾದುದು ಸಾವಿರಗಳಿಗೆ ಏರುವುದು ಹೀಗೆ.

ಅಂಥ ಫ್ಯಾನುಳ್ಳ ಗಾಡಿಗಳಲ್ಲಿ ನಮ್ಮವರಿಗೆ ಚಿರಪರಿಚಿತವಾದುದು ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ರೂಪುಗೊಂಡು, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಯ ಉತ್ಪಾದನೆ 2014ರಲ್ಲಿ ನಿಂತಿತು. ಬಹುಕಾಲ ಅದರ ಒಡಲಲ್ಲಿದ್ದುದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಗಾಡಿ ನಿಂತಿತು, ಅದನ್ನು ಬಲ್ಲ ಕೈಗಳೂ ಒಂದೊಂದಾಗಿ ವಿಶ್ರಾಂತಿಗೆ ಸರಿಯುತ್ತಿವೆ. ಆದ್ದರಿಂದ ಅದನ್ನು ಉಳಿಸಿಕೊಂಡವರ ಮನೆಯಂಗಳವೇ ಈಗ ಅನೇಕ ಕಡೆ ವರ್ಕ್‌ಶಾಪು.

ದಾವಣಗೆರೆ ಸೀಮೆಯ ಒಂದು ಮನೆಯಲ್ಲಿ ನಡೆದ ಸಂಗತಿ ಇದಕ್ಕೆ ನಿದರ್ಶನ. ತಂದೆ ಬಹುವರ್ಷ ಟ್ಯಾಕ್ಸಿ ನಡೆಸಿ ಸಂಸಾರ ಸಾಗಿಸಿದವರು. ಈಗ ಕಣ್ಣಿಗೆ ಪೊರೆ, ಮಂಡಿಗೆ ನೋವು. ಮಗ ಗುಮಾಸ್ತೆಯ ಕೆಲಸದಲ್ಲಿರುವವನು. ಪಂಪು ಸೋರತೊಡಗಿದಾಗ ಗ್ಯಾರೇಜಿನವರು ಹಳೆಯ ಗಾಡಿಯೆಂದು ಮುಖ ತಿರುಗಿಸಿದರು. ‘ಗುಜರಿಗೆ ಹಾಕಿದರೆ ಹೇಗೆ?’ ಎಂಬ ಮಾತು ಮನೆಯಲ್ಲಿ ಎದ್ದಿತು. ತಂದೆ ಎದುರಾಡಲಿಲ್ಲ, ಆ ಹೊತ್ತಿನ ಊಟವನ್ನು ಮಾತ್ರ ಅರ್ಧಕ್ಕೆ ಬಿಟ್ಟೆದ್ದರು. ಅದನ್ನು ಕಂಡ ಮಗ ಮರುದಿನವೇ ಹೊಸ ಪಂಪನ್ನು ಹುಡುಕಿ ತಂದ. ಹಳೆಯದರ ರಂಧ್ರಕ್ಕೆ ಬೆರಳೊತ್ತಿ ನೋಡುತ್ತಿದ್ದವನಿಗೆ ಕಟ್ಟೆಯ ಮೇಲಿಂದ ತಂದೆಯ ದನಿ ಕೇಳಿಸಿತು: “ತಮ್ಮಾ, ಅದು ಬಾಯಿ ಬಿಟ್ಟು ಹೇಳ್ತಾ ಐತಿ. ಬಾಯಿ ಮುಚ್ಚಿಸಬ್ಯಾಡ, ಬಿಚ್ಚು.”

ಬಿಚ್ಚುವುದು ಕಷ್ಟವಲ್ಲ. ಎಂಜಿನ್ ಪೂರ್ಣ ತಣಿದಿರಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದವನ ಮುಖಕ್ಕೆ ಕುದಿನೀರು ಎರಚುವುದು ಕ್ಷಣಮಾತ್ರದ ಕೆಲಸ. ಬ್ಯಾಟರಿಯ ತಂತಿ ಕಳಚಿ, ನೀರು ಬಸಿದು, ರೇಡಿಯೇಟರನ್ನು ಹೊರಗಿಟ್ಟರೆ ಕೈಯಾಡಲು ಎಡೆಯಾಗುತ್ತದೆ. ಡೈನಮೊ ಸಡಿಲಿಸಿದರೆ ಬೆಲ್ಟು ಜಾರುತ್ತದೆ. ಆಮೇಲೆ ಫ್ಯಾನು, ಪುಲ್ಲಿ, ಕಡೆಗೆ ಪಂಪು. ಅಂಗುಲದ ಅಳತೆಯ ಬೋಲ್ಟಿಗೆ ಮಿಲಿಮೀಟರಿನ ಪಾನಾ ಹಾಕಿದರೆ ತಲೆ ಸವೆಯುತ್ತದೆಂಬ ಎಚ್ಚರ ಸಾಕು. ಬೋಲ್ಟುಗಳ ಉದ್ದ ಒಂದೇ ಸಮನಿರುವುದಿಲ್ಲ. ತಂದೆ ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಬರೆಯಿಸಿ, ಯಾವ ಬೋಲ್ಟು ಎಲ್ಲಿಯದೋ ಅಲ್ಲಿಯೇ ಚುಚ್ಚಿಡಿಸಿದರು.

ಕೆಲಸದ ಜೀವಾಳವಿರುವುದು ಕಳಚುವುದರಲ್ಲೂ ಅಲ್ಲ, ಕೂಡಿಸುವುದರಲ್ಲೂ ಅಲ್ಲ, ನಡುವಿನ ಶುದ್ಧಿಯಲ್ಲಿ. ಎಂಜಿನ್ನಿನ ಮೋರೆಗೆ ವರ್ಷಗಟ್ಟಲೆ ಬೆಂದು ಅಂಟಿದ ಹಳೆಯ ಪ್ಯಾಕಿಂಗಿನ ಕಾಗದವನ್ನು ಕೆರೆದು ತೆಗೆಯಬೇಕು. ಕೆರೆದ ಪುಡಿ ಒಳಬೀಳದಂತೆ ನೀರಿನ ದ್ವಾರಕ್ಕೆ ಬಟ್ಟೆ ತುರುಕಬೇಕು. ಅವಸರದಲ್ಲಿ ಲೋಹಕ್ಕೇ ಗೀರು ಬಿದ್ದರೆ ಹೊಸ ಪಂಪೂ ಸೋರುತ್ತದೆ. ಮಗ ಒಂದು ತಾಸು ಕೆರೆದು, ಒರೆಸಿ, ಆಯಿತೆಂದು ಎದ್ದ. ಕಣ್ಣು ಮಂದವಾದ ತಂದೆ ಗೋಡೆ ಹಿಡಿದು ಬಂದು, ಬಾನೆಟ್ಟಿನೊಳಗೆ ಬಾಗಿ, ತೋರುಬೆರಳನ್ನು ಆ ಮೋರೆಯ ಸುತ್ತ ನಿಧಾನವಾಗಿ ಎಳೆದರು. ಕೆಳಗಿನ ಮೂಲೆಯಲ್ಲಿ ಬೆರಳು ನಿಂತಿತು. ಉಗುರಿನಷ್ಟು ಕಾಗದ ಅಲ್ಲಿ ಉಳಿದಿತ್ತು. ಎಳೆಯ ಕಣ್ಣಿಗೆ ಕಾಣದುದು ಮುದಿಬೆರಳಿಗೆ ಸಿಕ್ಕಿತು. ಹೊಸ ಪಂಪಿನ ಜೊತೆ ಬಂದ ಪ್ಯಾಕಿಂಗು ಮಡಿಚಿ ಸೀಳಿದ್ದುದರಿಂದ ಮತ್ತೊಂದು ವಿದ್ಯೆಯೂ ಹೊರಬಂದಿತು: ದಪ್ಪ ಪ್ಯಾಕಿಂಗ್ ಕಾಗದವನ್ನು ಪಂಪಿನ ಮೋರೆಯ ಮೇಲಿಟ್ಟು, ಅಂಚಿನುದ್ದಕ್ಕೂ ಸಣ್ಣ ಸುತ್ತಿಗೆಯಿಂದ ಮೆಲ್ಲಮೆಲ್ಲಗೆ ತಟ್ಟುತ್ತ ಬಂದರೆ ಆ ಲೋಹದ ಅಂಚೇ ಕತ್ತರಿಯಾಗುತ್ತದೆ. ಮೊದಲನೆಯದು ಕೆಟ್ಟಿತು, ಎರಡನೆಯದು ಒದಗಿತು.

ಬೋಲ್ಟುಗಳನ್ನು ಒಂದೇ ಪಕ್ಕದಿಂದ ಬಿಗಿಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬರಬೇಕು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲದಷ್ಟು ಬಾಗಬೇಕು. ಅತಿಬಿಗಿ ಹೊಸ ಬೇರಿಂಗಿಗೆ ಮೃತ್ಯು. ನೀರಿನ ವಿಚಾರದಲ್ಲಿ ಮಾತ್ರ ತಂದೆಯ ಕಾಲದ ರೂಢಿಯನ್ನು ಮಗ ಒಪ್ಪಲಿಲ್ಲ, ಅದು ಸರಿಯೇ ಆಯಿತು. ಕೊಳವೆಬಾವಿಯ ಗಡಸುನೀರು ಎಂಜಿನ್ನಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಶುದ್ಧೀಕರಿಸಿದ ನೀರಿಗೆ ಕೂಲಂಟು ಬೆರೆಸಿ ಹಾಕುವುದೇ ಲೇಸು. ಆದರೆ ಕೂಲಂಟು ಸಿಹಿಯಾದ ವಿಷ. ಅಂಗಳದಲ್ಲಿ ಚೆಲ್ಲಿದುದನ್ನು ನಾಯಿಯೋ ಕರುವೋ ನೆಕ್ಕಿದರೆ ಪ್ರಾಣಕ್ಕೆ ಎರವು. ಮಕ್ಕಳಿರುವ ಮನೆಯಲ್ಲಂತೂ ಚೆಲ್ಲಿದುದನ್ನು ಕೂಡಲೇ ಒರೆಸಿ ತೊಳೆಯಬೇಕು.

ಮುಚ್ಚಳ ತೆರೆದಿಟ್ಟೇ ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿದರು. ಒಳಗಿನ ಗಾಳಿ ಗುಳ್ಳೆಗಳಾಗಿ ಹೊರಟಿತು, ಮಟ್ಟ ಇಳಿಯಿತು, ಮತ್ತೆ ತುಂಬಿಸಿದರು. ಮಗ ಟಾರ್ಚು ಹಿಡಿದು ಹೊಸ ಪಂಪಿನ ರಂಧ್ರವನ್ನು ಬಹಳ ಹೊತ್ತು ನೋಡಿದ, ಹನಿಯಿರಲಿಲ್ಲ. ಹಳೆಯ ಪಂಪನ್ನು ಎಸೆಯಲು ತಂದೆ ಬಿಡಲಿಲ್ಲ. ಎರಕದ ಒಡಲು ಇನ್ನೂ ಗಟ್ಟಿಯಾಗಿದೆ, ಲೇತಿನ ಅಂಗಡಿಯಲ್ಲಿ ಪ್ರೆಸ್ಸಿಗೆ ಹಾಕಿ ಬೇರಿಂಗೂ ಸೀಲೂ ಹೊಸದು ಕೂರಿಸಿದರೆ ಮುಂದಿನ ಸಲಕ್ಕೆ ಒದಗೀತು ಎಂದು, ಅದಕ್ಕೆ ಎಣ್ಣೆ ಸವರಿಸಿ ಗೋಣಿತಾಟಿನಲ್ಲಿ ಸುತ್ತಿಸಿದರು. ಯಾವ ಬೋಲ್ಟು ಎಲ್ಲಿಯದೆಂದು ತೋರಿಸುವ ರಟ್ಟನ್ನೂ ಅದರೊಡನೆಯೇ ಇಡಿಸಿದರು.