ಐದು ಯೆನ್ ದಂಡ

ಕ್ಯೋತೋ ನಗರದ ಪೂರ್ವಕ್ಕೆ ಗುಡ್ಡ ದಾಟಿದರೆ ಬೀವಾ ಸರೋವರ, ಅದರ ದಡದಲ್ಲಿ ಓತ್ಸು ಎಂಬ ಊರು. 1883ರ ಅಕ್ಟೋಬರ್ 12ರಂದು ಅಲ್ಲಿನ ನಾಟಕಮಂದಿರದಲ್ಲಿ ಕಿಶಿದಾ ತೋಶಿಕೊ ಮಾತಾಡಲು ಎದ್ದು ನಿಂತಳು. ವಯಸ್ಸು 20ರ ಆಸುಪಾಸು. ಕೇಳಲು ಬಂದವರ ನಡುವೆ ಪೊಲೀಸರೂ ಇದ್ದರು. ಆ ಕಾಲದ ಜಪಾನಿನಲ್ಲಿ ಸಭೆ ನಡೆದಲ್ಲೆಲ್ಲ ಅವರು ಹಾಜರು. ಮಾತು ಹಿಡಿಸದಿದ್ದರೆ ಸಭೆಯನ್ನು ಅಲ್ಲಿಗೇ ನಿಲ್ಲಿಸುವ ಅಧಿಕಾರವನ್ನು 1880ರ ಕಾಯಿದೆ ಅವರಿಗೆ ಕೊಟ್ಟಿತ್ತು.

ಈ ಹುಡುಗಿ ಎಲ್ಲಿಂದ ಬಂದವಳೆಂದು ಮೊದಲು ಹೇಳಬೇಕು. ಕ್ಯೋತೋದ ಬಟ್ಟೆ ವ್ಯಾಪಾರಿಯ ಮಗಳು. ಚೀನೀ ಶಾಸ್ತ್ರಗ್ರಂಥಗಳಲ್ಲಿ ಎಷ್ಟು ಪಳಗಿದ್ದಳೆಂದರೆ, 1879ರಲ್ಲಿ ಅರಮನೆಯವರೇ ಕರೆಸಿ ಸಾಮ್ರಾಜ್ಞಿಗೆ ಪಾಠ ಹೇಳುವ ಕೆಲಸ ಕೊಟ್ಟರು. ವ್ಯಾಪಾರಿ ಮನೆತನದ ಹೆಣ್ಣಿಗೆ ಅದೇನು ಸಣ್ಣ ಭಾಗ್ಯವೇ? ಆದರೂ ಸುಮಾರು ಎರಡು ವರ್ಷಕ್ಕೆ, ಮೈಗೆ ಹುಷಾರಿಲ್ಲವೆಂದು ಹೇಳಿ ಹೊರಗೆ ಬಂದುಬಿಟ್ಟಳು. 1882ರ ಏಪ್ರಿಲ್‌ನಲ್ಲಿ ಒಸಾಕಾದ ವೇದಿಕೆ ಹತ್ತಿದಳು. ಸಂವಿಧಾನ ಬೇಕು, ಜನ ಆರಿಸಿದ ಶಾಸನಸಭೆ ಬೇಕು ಎಂದು ದೇಶದ ತುಂಬ ಚಳವಳಿ ಎದ್ದಿದ್ದ ದಿನಗಳವು. ಜನರ ಹಕ್ಕು, ಜನರ ಹಕ್ಕು ಎನ್ನುತ್ತಿದ್ದವರಿಗೆ ಹೆಂಗಸರೂ ಜನರೇ ಎಂದು ನೆನಪಿಸಲು ಆಕೆ ತಾಯಿಯ ಜೊತೆ ಊರೂರು ಅಲೆದಳು.

ಓತ್ಸುವಿನಲ್ಲಿ ಆರಿಸಿಕೊಂಡ ವಿಷಯ, ಪೆಟ್ಟಿಗೆಯೊಳಗಿನ ಹೆಣ್ಣುಮಕ್ಕಳು. ಹೊಸ್ತಿಲು ದಾಟಿಸದೆ ಮುಚ್ಚಟೆಯಿಂದ ಬೆಳೆಸಿದ ಮಗಳನ್ನು ಆ ಸೀಮೆಯವರು ಹಾಗೆಂದು ಹೊಗಳುತ್ತಿದ್ದರು. ತೋಶಿಕೊ ಅಂಥ ಮೂರು ಪೆಟ್ಟಿಗೆಗಳನ್ನು ಸಭೆಯ ಮುಂದಿಟ್ಟಳು. ಮಗಳನ್ನು ಕೋಣೆಯಲ್ಲಿ ಅಡಗಿಸಿ, ಹೊರಗಿನ ಲೋಕ ಆಕೆಗೂ ಆಕೆ ಲೋಕಕ್ಕೂ ಗೊತ್ತಾಗದಂತೆ ಮಾಡುವುದು ಒಂದು. ಆಕೆಯ ಮನಸ್ಸಿನಲ್ಲಿ ಏನಿದೆಯೆಂದು ಕೇಳದೆ, ಹೆತ್ತವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೆನ್ನುವುದು ಇನ್ನೊಂದು. ಮೂರನೆಯದು ಹಿಂದಿನ ಜ್ಞಾನಿಗಳ ವಿದ್ಯೆಯನ್ನು ಮಗಳಿಗೆ ಕಲಿಸುವುದು. ಇದರ ಬಗ್ಗೆ ಮಾತ್ರ ಆಕೆಗೆ ಗೌರವವಿತ್ತು. ಆದರೆ ತಾನು ಮಾಡುವ ಪೆಟ್ಟಿಗೆಗೆ ಗೋಡೆಗಳೇ ಇರುವುದಿಲ್ಲ, ಅದು ಲೋಕದಷ್ಟೇ ವಿಶಾಲ ಎಂದಳು. ಮದುವೆಗಿಂತ ಮೊದಲು ವಿದ್ಯೆ ಬೇಕು, ಗಂಡನ ಆಸರೆ ತಪ್ಪಿದರೂ ಸ್ವಂತ ಕಾಲಮೇಲೆ ನಿಲ್ಲುವಷ್ಟು ಬೇಕು ಎಂದಳು. ಕೂಡಿಹಾಕಿ ಮಗಳನ್ನು ಬೆಳೆಸುವುದೆಂದರೆ ಉಪ್ಪಿನಲ್ಲಿ ಹೂವು ಬೆಳೆದ ಹಾಗೆ ಎಂದೂ ಹೇಳಿದಳು.

ಪೊಲೀಸರು ಆಕೆಯನ್ನು ಹಿಡಿದೊಯ್ದರು. ಪರವಾನಗಿ ಇಲ್ಲದೆ ರಾಜಕೀಯ ಭಾಷಣ ಮಾಡಿದಳೆಂಬುದು ಆರೋಪ. ಎಂಟು ದಿನ ಸೆರೆ, ವಿಚಾರಣೆ, ಕೊನೆಗೆ 5 ಯೆನ್ ದಂಡ.

ಮನೆಯ ಮಗಳ ಮಾತು ರಾಜಕೀಯ ಹೇಗಾಯಿತು ಎಂದು ಕೇಳಬಹುದು. ಪೊಲೀಸರು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು ಅನ್ನಿಸುತ್ತದೆ ನನಗೆ. ತಂದೆ ಮಕ್ಕಳನ್ನು ಕಾಯುವ ಹಾಗೆ ದೊರೆ ಪ್ರಜೆಗಳನ್ನು ಕಾಯುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿದ್ದ ರಾಜ್ಯವದು. ಮಗಳು ತಂದೆಗೆ ಎದುರು ಪ್ರಶ್ನೆ ಹಾಕಬಹುದು ಎಂದಾದರೆ ನಾಳೆ ಪ್ರಜೆಯೂ ಹಾಕಿಯಾನು.

ಸೆರೆಯ ನಂತರ ತೋಶಿಕೊ ವೇದಿಕೆ ಬಿಟ್ಟು ಬರಹದ ಕಡೆ ತಿರುಗಿದಳು. ಚಳವಳಿಯ ಮುಂದಾಳು ನಕಾಜಿಮಾ ನೊಬುಯುಕಿಯನ್ನು ಮದುವೆಯಾದಳು. 1890ರಲ್ಲಿ ಜಪಾನಿನ ಮೊದಲ ಸಂಸತ್ತು ಸೇರಿದಾಗ ಕೆಳಮನೆಯ ಸಭಾಧ್ಯಕ್ಷನಾದದ್ದು ಆತನೇ. ಅದೇ ವರ್ಷ ಬಂದ ಕಾಯಿದೆ ಹೆಂಗಸರು ರಾಜಕೀಯ ಪಕ್ಷ ಸೇರಬಾರದು, ರಾಜಕೀಯ ಸಭೆಗೆ ಕಾಲಿಡಲೂ ಬಾರದು ಎಂದಿತು. ಸಭಾಧ್ಯಕ್ಷನ ಹೆಂಡತಿಗೆ ಊರಿನ ಒಂದು ಸಣ್ಣ ಸಭೆಯಲ್ಲಿ ಕೂತು ಕೇಳುವ ಹಕ್ಕೂ ಉಳಿಯಲಿಲ್ಲ. ಇದನ್ನು ಯೋಚಿಸಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದರೆ ಓತ್ಸುವಿಗಿಂತ ಒಂದು ವರ್ಷ ಮೊದಲೇ ಆಕೆ ಒಕಾಯಾಮಾದಲ್ಲಿ ಮಾತಾಡಿದ್ದಳು. ಕೇಳುತ್ತ ಕೂತವರಲ್ಲಿ ಕಗೆಯಾಮಾ ಹಿದೆಕೊ ಎಂಬ ಹದಿಹರೆಯದ ಹುಡುಗಿ ಇದ್ದಳು. ಆ ಮಾತು ಕೇಳಿ ಮೈ ಜುಮ್ಮೆಂದವಳು ಸುಮ್ಮನೆ ಮನೆಗೆ ಹೋಗಿ ಕೂರಲಿಲ್ಲ. ಊರಿನ ಹೆಂಗಸರೊಂದಿಗೆ ಸಂಘ ಕಟ್ಟಿದಳು, ತಾಯಿಯೊಂದಿಗೆ ಶಾಲೆ ತೆರೆದಳು. ಅಧಿಕಾರಿಗಳು ಆ ಶಾಲೆ ಮುಚ್ಚಿಸಿದ ಮೇಲೆ ತೋಕಿಯೋ ಸೇರಿ, 1885ರಲ್ಲಿ ಒಸಾಕಾ ಪ್ರಕರಣವೆಂದು ಹೆಸರಾದ ರಾಜಕೀಯ ಸಂಚಿನಲ್ಲಿ ಸೇರಿ ಜೈಲು ಕಂಡಳು. ಮುಂದೆ ಫುಕುದಾ ಹಿದೆಕೊ ಎಂಬ ಹೆಸರಿನಲ್ಲಿ 1904ರಲ್ಲಿ ಆತ್ಮಕಥೆ ಬರೆದಳು, 1907ರಲ್ಲಿ 'ಸೆಕಾಯಿ ಫುಜಿನ್' ಪತ್ರಿಕೆ ಹೊರಡಿಸಿದಳು. ಹೆಂಗಸರನ್ನು ಸಭೆಯಿಂದ ಹೊರಗಿಟ್ಟ ಕಾಯಿದೆಯನ್ನು ತಿದ್ದಬೇಕೆಂದು ಆ ಪತ್ರಿಕೆ ಪಟ್ಟುಹಿಡಿದು ಬರೆಯಿತು. ಸಭೆ ನಡೆಸುವ, ಸಭೆಗೆ ಹೋಗುವ ಹಕ್ಕು ಹೆಂಗಸರಿಗೆ ಸಿಕ್ಕಿದ್ದು 1922ರಲ್ಲಿ. ಅದನ್ನು ನೋಡಲು ಹಿದೆಕೊ ಬದುಕಿದ್ದಳು. ತೋಶಿಕೊ ಕ್ಷಯದಿಂದ ತೀರಿಕೊಂಡು ಆಗಲೇ 21 ವರ್ಷವಾಗಿತ್ತು.