ಲಾರಿ ಏರುವ ಥೇಟರು

ಬಾದಾಮಿ ಸೀಮೆಯವರಿಗೆ ಕಲ್ಲಿನ ಅಭಿಮಾನ ತುಸು ಹೆಚ್ಚು. ನಮ್ಮ ಶಿರೂರಿನ ಸುತ್ತ ಅರ್ಧ ದಿನ ತಿರುಗಿದರೆ ಸಾಕು, ಚಾಲುಕ್ಯರ ಯಾವುದೋ ಗುಡಿ ಎದುರಾಗುತ್ತದೆ. ಪಟ್ಟದಕಲ್ಲಿನ ಒಂದು ಕಂಬದ ಮೇಲಂತೂ ಭರತನ ಮತ ಬಲ್ಲ ಅಚಲನೆಂಬ ಕಲಾವಿದನನ್ನು ಹೊಗಳುವ ಎಂಟನೆಯ ಶತಮಾನದ ಸಂಸ್ಕೃತ ಶಾಸನವೇ ಇದೆ. ಹೀಗೆ ಕಲಾವಿದನ ಹೆಸರು ಕಲ್ಲಿನಲ್ಲಿ ಉಳಿಯಿತು. ನಾಟಕದ ಮನೆ ಮಾತ್ರ ನಮ್ಮ ಹಳ್ಳಿಗಳಲ್ಲಿ ಕಲ್ಲಿಗೆ ಒಗ್ಗಲಿಲ್ಲ. ಅದು ತಗಡು, ಬೊಂಬು, ತಾಡಪತ್ರಿಗಳ ವಂಶಕ್ಕೆ ಸೇರಿದ್ದು. ಊರಿನ ರಂಗಮಂದಿರದ ಚರಿತ್ರೆ ಬರೆಯಿರೆಂದು ಯಾರಾದರೂ ಗಂಟುಬಿದ್ದರೆ ನಾನು ಒಂದು ಲಾರಿಯ ಚರಿತ್ರೆ ಬರೆಯಬೇಕಾದೀತು.

ಥೇಟರು ಹೊತ್ತು ತಿರುಗುವ ಅಂಥ ಲಾರಿಗಳನ್ನೆಲ್ಲ ಒಟ್ಟಿಗೆ ನೋಡಬೇಕಾದರೆ ಬನದ ಹುಣ್ಣಿಮೆಗೆ ಬನಶಂಕರಿಗೆ ಹೋಗಬೇಕು. ತೇರು ಎಳೆದು ಮುಗಿದರೂ ಜಾತ್ರೆ ಮುಗಿಯುವುದಿಲ್ಲ. ಬಾಗಿಲು ಚೌಕಟ್ಟು ಮಾರುವವರು, ಬಳೆಯವರು, ಮಿಠಾಯಿಯವರು ಇನ್ನೂ ವಾರಗಟ್ಟಲೆ ಕೂತಿರುತ್ತಾರೆ. ಅವರ ನಡುವೆ ಒಂದರ ಪಕ್ಕ ಒಂದು ನಾಟಕ ಕಂಪನಿಗಳ ಥೇಟರು. ಈ ಕಂಪನಿಯ ನಾಯಕಿ ಅಳುವಾಗ ಆ ಕಂಪನಿಯ ಹಾಸ್ಯನಟನ ಹಾಡು ತಗಡು ದಾಟಿ ಬಂದು ಅವಳ ಅಳುವಿಗೆ ತಾಳ ಹಾಕುತ್ತದೆ. ನಗಬೇಕೋ ಕಣ್ಣೊರೆಸಿಕೊಳ್ಳಬೇಕೋ ತಿಳಿಯದೆ ನಾವು ಎರಡನ್ನೂ ಮಾಡಿದ್ದೇವೆ. ಇತ್ತೀಚಿನ ನಾಟಕಗಳ ಹೆಸರುಗಳನ್ನು ಮನೆಯ ಹೆಣ್ಣುಮಕ್ಕಳ ಮುಂದೆ ಓದಿ ಹೇಳುವುದು ಕಷ್ಟ. ಆದರೂ ಆ ಹೆಣ್ಣುಮಕ್ಕಳೇ ಮೊದಲು ಟಿಕೀಟು ತಗೊಂಡು ಒಳಗೆ ಕೂತಿರುತ್ತಾರೆ.

ಈ ಥೇಟರನ್ನು ಕಟ್ಟುವುದೇ ಒಂದು ನೋಟ. ಮೊದಲು ಗುಣಿ ತೋಡುತ್ತಾರೆ, ಕಂಬ ನಿಲ್ಲಿಸುತ್ತಾರೆ, ಅಡ್ಡತೊಲೆ ಬಿಗಿಯುತ್ತಾರೆ, ಮೇಲೆ ತಗಡು ಹೊದಿಸುತ್ತಾರೆ. ಹಲಗೆ ಹಾಸಿದ ರಂಗದ ಹಿಂದೆ ಪರದೆಗಳನ್ನು ಸುರುಳಿ ಸುತ್ತಿ ತೂಗುಬಿಡುತ್ತಾರೆ: ಅರಮನೆ, ಕಾಡು, ಬಡವನ ಮನೆ, ಎಲ್ಲಕ್ಕಿಂತ ಮುಂದೆ ರಸ್ತೆಯ ಪರದೆ. ಕಂಪನಿ ನಾಟಕದ ಗುಟ್ಟೆಲ್ಲ ಈ ರಸ್ತೆಯಲ್ಲಿದೆ. ಅದನ್ನು ಕೆಳಗಿಳಿಸಿ ಹಾಸ್ಯದ ಜೋಡಿಯನ್ನು ಮುಂದೆ ಬಿಟ್ಟರೆ, ಹಿಂದೆ ಸದ್ದಿಲ್ಲದೆ ಗುಡಿಸಲು ಹೋಗಿ ದರ್ಬಾರು ಬರುತ್ತದೆ. ಹಾಸ್ಯ ಲಂಬಿಸಿತೆಂದು ಪತ್ರಿಕೆಯವರು ಬರೆಯುತ್ತಾರೆ. ಹಿಂದೆ ಸಿಂಹಾಸನದ ಕಾಲು ಮುರಿದಿದ್ದರೆ ಹಾಸ್ಯ ಲಂಬಿಸದೆ ಏನು ಮಾಡಬೇಕು?

ಗದಗಿನ ಶಾಂತಕವಿಗಳು 1870ರ ದಶಕದಲ್ಲಿ ಮರಾಠಿ ನಾಟಕಗಳಿಗೆ ಎದುರಾಗಿ ಕನ್ನಡ ಮಂಡಳಿ ಕಟ್ಟಿದಾಗಿನಿಂದ ಈ ಕಡೆ ಮಂಡಳಿಗಳು ಊರೂರು ತಿರುಗಿಯೇ ಬದುಕಿದವು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ತಿರುಗಿತು, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘ ತಿರುಗಿತು. ನಮ್ಮ ಪಕ್ಕದ ಕಮತಗಿಯಲ್ಲೂ ಹುಚ್ಚೇಶ್ವರನ ಹೆಸರು ಹೊತ್ತ ನಾಟ್ಯ ಸಂಘ ಹುಟ್ಟಿತು. ಬೀಳಗಿಯ ಗೋಹರಬಾಯಿ ಇಲ್ಲಿಂದ ಹೊರಟವರು ಬಾಲಗಂಧರ್ವರ ಜೊತೆ ರಂಗ ಏರಿದರು. ಸೋದರಿ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಕೇಳಿಸಿದರು. ಇನ್ನು ಶ್ರೀಕೃಷ್ಣ ಪಾರಿಜಾತದವರಿಗಂತೂ ತಗಡೂ ಬೇಡ. ಗುಡಿಯ ಮುಂದಿನ ಬಯಲು, ಒಂದು ಕಂಬಳಿ, ರಾತ್ರಿಯಿಡೀ ಕೂಡುವ ಜನ, ಇಷ್ಟಿದ್ದರೆ ಆಯಿತು.

ಹೆಗ್ಗೋಡಿನಂಥ ಪುಟ್ಟ ಊರಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಮುಂದೆ ಶಿವರಾಮ ಕಾರಂತರ ಹೆಸರಿನಲ್ಲಿ ರಂಗಮಂದಿರ ಕಟ್ಟಿಕೊಂಡ ಕತೆ ಕೇಳಿ ಒಂದು ಕಾಲಕ್ಕೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಲ್ಲಿ ಆರು ತಿಂಗಳು ಮಳೆಯ ಕಾಟ, ಗೋಡೆ, ಮಾಡು ಬೇಕೇ ಬೇಕು. ನಮ್ಮ ಕಡೆ ಆಕಾಶ ಅಷ್ಟು ತೊಂದರೆ ಕೊಡುವುದಿಲ್ಲ ಎಂಬ ಸಮಾಧಾನ ಆಮೇಲೆ ಹೊಳೆಯಿತು.

ಊರ ಹುಡುಗರ ನಾಟಕವೆಂದರೆ ಪಟ್ಟಿ ಎತ್ತುವುದರಿಂದ ಶುರು. ಪೇಟಿ ಮಾಸ್ತರರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು, ಡ್ರಾಮಾ ಸೀನ್ಸಿನವರಿಗೆ ಬಯಾನ, ನಾಯಕಿ ಮತ್ತು ಅತ್ತೆಯ ಪಾತ್ರಗಳಿಗೆ ಹೊರಊರಿನ ಕಲಾವಿದೆಯರು. ಹ್ಯಾಂಡಬಿಲ್ಲಿನಲ್ಲಿ ‘ರಾತ್ರಿ 10-30ಕ್ಕೆ ಸರಿಯಾಗಿ’ ಎಂದಿರುತ್ತದೆ. ಹನ್ನೆರಡರ ಒಳಗೆ ಪರದೆ ಎದ್ದರೆ ಊರಿಗೇ ಅವಮಾನ. ನಡುನಡುವೆ ನಾಟಕ ನಿಲ್ಲಿಸಿ ಆಯೇರಿ. ಸಾಯಲು ಬಿದ್ದ ಅಪ್ಪ ಎದ್ದು ಕೂತು ಟಾವೆಲ್ಲು ಹೊದಿಸಿಕೊಂಡು, ಮೈಕಿನಲ್ಲಿ ಕೊಟ್ಟವರ ಹೆಸರು ಮುಗಿದ ಮೇಲೆ ಮತ್ತೆ ಬಿದ್ದು ಸಾಯುತ್ತಾನೆ. ಕಟ್ಟಡದೊಳಗೆ ಇಷ್ಟು ಸಲಿಗೆ ಸಾಧ್ಯವೇ ಎಂದು ನನಗೆ ಅನುಮಾನ.

ಈಗ ಹಳ್ಳಿಹಳ್ಳಿಗೆ ಸಮುದಾಯ ಭವನ ಬರುತ್ತಿದೆ. ನನ್ನ ಸೋದರಮಾವನ ಊರಿಗೂ ಬಂತು. ಬಣ್ಣದ ಗೋಡೆ, ಗ್ರಾನೈಟಿನ ಫಲಕ, ಒಂದು ತುದಿಗೆ ಮದುಮಕ್ಕಳ ಕುರ್ಚಿ ಹಿಡಿಸುವಷ್ಟು ಅಗಲದ ಕಟ್ಟೆ. ಪರದೆ ತೂಗಲು ಮೇಲೆ ಒಂದು ಕೊಂಡಿಯೂ ಇಲ್ಲ. ತಾಲೀಮಿಗೆ ಒಳಗೆ ಹೋದ ಹುಡುಗರ ಒಂದೊಂದು ಮಾತೂ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಪೇಟಿ ಮಾಸ್ತರರು ಕಿವಿ ಮುಚ್ಚಿಕೊಂಡು, “ಇಲ್ಲೇ ಒಬ್ಬಾಂವ ಮಾತಾಡಿದ್ರ ನಾಕ ಮಂದಿ ಆಗತಾರಲ್ರೀ, ಪಗಾರ ಯಾರಿಗೆ ಕೊಡ್ತೀರಿ?” ಎಂದರಂತೆ.

ಕೊನೆಗೆ ಭವನದ ಮುಂದಿನ ಬಯಲಿನಲ್ಲೇ ಸೀನು ಕಟ್ಟಿಸಿದರು. ನಾಟಕದ ಹಿಂದಿನ ದಿನ ಹೋದಾಗ ಮಾವ ಭವನದ ಕೀಲಿಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳಗೆ ಕನ್ನಡಿ, ಗೂಟ, ಹಗ್ಗದ ಮೇಲೆ ಪೊಲೀಸ್ ಪಾತ್ರದ ಖಾಕಿ.

“ಇಷ್ಟ ರೊಕ್ಕಾ ಹಾಕಿ ಕಟ್ಟಿದ್ದು ಇದಕ್ಕೇನೋ ಮಾವಾ?” ಅಂದೆ.

“ಬಾಡಿಗಿ ಇಲ್ಲದ ಬಣ್ಣದ ಕ್ವಾಣಿ ಸಿಕ್ತು, ಇನ್ನೇನ ಬೇಕು?” ಅಂದವನೇ ಕಿಸೆಯಿಂದ ಪಟ್ಟಿಯ ವಹಿ ತೆಗೆದ. “ಅದಿರ್ಲಿ, ನಿಂದ ಎಷ್ಟ ಬರೀಲಿ ಹೇಳು.”